ಸಾಕು ಎನ್ನುವವರು ಯಾರು?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮಲ್ಲಿ ಒಬ್ಬಳಾದರೂ ಇದ್ದಾಳೆಂದು ನನಗೆ ಅನ್ನಿಸುವುದಿಲ್ಲ. ಅಜ್ಜಿ ಹೇಳಿದ್ದಾಳೆ, ಅಮ್ಮ ಹೇಳಿದ್ದಾಳೆ, ಮದುವೆಯಾದ ಮೇಲೆ ಅತ್ತೆ ಹೇಳಿದ್ದಾರೆ. ಮೂವತ್ತು ವರ್ಷದಿಂದ ಪಾಠ ಮಾಡುತ್ತಿರುವ ನಾನು ಗಾದೆ ವಿಸ್ತರಣೆಗೆಂದು ಅದನ್ನು ಎಷ್ಟು ಸಲ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಗಾದೆಯಲ್ಲಿ ಸುಳ್ಳಿಲ್ಲ. ಆದರೆ ಆ ಹಾಸಿಗೆಯನ್ನು ಹಾಸಿದವರು ಯಾರು, ಅದರ ಉದ್ದ ಇಷ್ಟೇ ಎಂದು ಗೊತ್ತುಮಾಡಿದವರು ಯಾರು ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ.

ಈ ಪ್ರಶ್ನೆ ನನ್ನ ಮುಂದೆ ಬಂದು ನಿಂತದ್ದು ಯಾವ ವೇದಾಂತದ ಪುಸ್ತಕದಿಂದಲೂ ಅಲ್ಲ. ಸಮುದ್ರದ ಅಲೆಯ ಮೇಲೆ ನಿಂತು ಸವಾರಿ ಮಾಡುವ ಒಂದು ಹಲಗೆಯಿಂದ. ಆಯನೂರಿನಂಥ ಊರಿನಲ್ಲಿ ಕೂತು ಸರ್ಫಿಂಗ್ ಹಲಗೆಯ ವಿಚಾರ ಬರೆಯುವುದೆಂದರೆ ನಿಮಗೆ ನಗು ಬರಬಹುದು. ನಮ್ಮ ಕಡೆ ನೀರೆಂದರೆ ಕೆರೆ, ತೋಟದ ಕಾಲುವೆ, ಮಳೆಗಾಲದಲ್ಲಿ ಅಂಗಳಕ್ಕೇ ಬರುವ ಹಳ್ಳ. ಸಮುದ್ರ ನೋಡಬೇಕಾದರೆ ಹೊಸನಗರ, ನಗರ ದಾಟಿ, ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗಬೇಕು. ಆದರೆ ಈಗ ಮಕ್ಕಳು ಎಲ್ಲೆಲ್ಲಿಗೋ ಹೋಗುತ್ತಾರೆ, ಅವರ ಹಿಂದೆ ನಮ್ಮ ಯೋಚನೆಗಳೂ ಹೋಗಬೇಕಾಗುತ್ತದೆ.

ನನ್ನ ತಮ್ಮನ ಮಗಳು ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಇಪ್ಪತ್ತಾರು ವರ್ಷ. ಅಲ್ಲಿ ಈಜು ಕಲಿತಳು. ಆಮೇಲೆ ಭಾನುವಾರಗಳಲ್ಲಿ ಮೂಲ್ಕಿಯ ಕಡೆಗೆ ಹೋಗಿ ಸರ್ಫಿಂಗ್ ಕಲಿಯತೊಡಗಿದಳು. ಶಾಂಭವಿ, ನಂದಿನಿ ಎರಡೂ ಹೊಳೆಗಳು ಸೇರಿ ಸಮುದ್ರಕ್ಕೆ ಬೀಳುವ ಜಾಗ ಅದು. ನಮ್ಮ ದೇಶದಲ್ಲಿ ಈ ಆಟದ ಕಥೆ ಹೆಚ್ಚು ಕಡಿಮೆ ಅಲ್ಲಿಂದಲೇ ಶುರುವಾಗುತ್ತದೆ. 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. 2007ರಲ್ಲಿ ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯಲ್ಲಿ ಇಶಿತಾ ಮಾಳವಿಯ ಎಂಬ ಹುಡುಗಿ ಗೆಳೆಯ ತುಷಾರ್ ಪಥಿಯನ್ ಜೊತೆ ಸೇರಿ ಶಾಕಾ ಸರ್ಫ್ ಕ್ಲಬ್ ಕಟ್ಟಿದಳು. ಆಕೆ ಮಣಿಪಾಲಕ್ಕೆ ಬಂದದ್ದು ಪತ್ರಿಕೋದ್ಯಮ ಓದಲು. ಮುಂದೆ ದೇಶದ ಮೊದಲ ವೃತ್ತಿಪರ ಮಹಿಳಾ ಸರ್ಫರ್ ಎಂದು ಹೆಸರಾದಳು. 2016ರ ಮೇ ತಿಂಗಳಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಯೇ ನಡೆಯಿತು. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ಅವಳೇ. ಟೀಚರಿಗೆ ಪಾಠ ಹೇಳುವುದೆಂದರೆ ಮಕ್ಕಳಿಗೆ ಎಲ್ಲಿಲ್ಲದ ಉತ್ಸಾಹ.

ಕೆಲವು ತಿಂಗಳು ಬಾಡಿಗೆ ಹಲಗೆಯಲ್ಲಿ ಕಲಿತ ಮೇಲೆ ಸ್ವಂತದ್ದೊಂದು ಕೊಳ್ಳಬೇಕೆಂದು ಅವಳಿಗೆ ಆಸೆಯಾಯಿತು. ಅವಳು ಮನಸ್ಸಿಟ್ಟದ್ದು ಆರಡಿಯೂ ಇಲ್ಲದ, ಮೂತಿ ಚೂಪಾದ, ಬೆಳ್ಳಗೆ ಹೊಳೆಯುವ ಹಲಗೆಯ ಮೇಲೆ. ಬೆಲೆ ಕೇಳಿ ನನ್ನ ತಮ್ಮ, “ಇಷ್ಟು ದುಡ್ಡಿಗೆ ಒಂದು ಒಳ್ಳೆ ಹಸು ಬರ್ತದಲ್ಲೇ” ಎಂದ. ನನ್ನ ನಾದಿನಿಯ ಚಿಂತೆ ಬೇರೆ. “ಬಿಸಿಲಲ್ಲಿ ಒಣಗಿ ಕಪ್ಪಾಗಿದ್ದು ಸಾಲದು ಅಂತ ಈಗ ಹಲಗೆ ಬೇರೆ” ಎಂದಳು. ಕಲಿಸುವ ಹುಡುಗನೂ ಬೇಡವೆಂದಿದ್ದನಂತೆ. ಅವನ ಕಾರಣ ಮಾತ್ರ ಬೇರೆಯಾಗಿತ್ತು. ಆ ಹಲಗೆ ನಿಮಗೆ ಇನ್ನೂ ಚಿಕ್ಕದಾಯಿತು, ಸದ್ಯಕ್ಕೆ ದೊಡ್ಡದೇ ಇರಲಿ ಎಂದಿದ್ದ.

ಅವಳು ಫೋನಿನಲ್ಲಿ ಅಳುವ ಹಾಗಾದಳು. “ಅತ್ತೆ, ಎಲ್ಲರೂ ಒಂದೇ ಮಾತು ಹೇಳ್ತಾರೆ. ಸೈನ್ಸ್ ತಗೋತೀನಿ ಅಂದಾಗ ಹೆಣ್ಣುಮಕ್ಕಳಿಗೆ ಕಾಮರ್ಸ್ ಸಾಕು ಅಂದ್ರು. ಬೆಂಗಳೂರಿಗೆ ಹೋಗ್ತೀನಿ ಅಂದಾಗ ಮಂಗಳೂರು ಸಾಕು ಅಂದ್ರು. ಈಗ ಹಲಗೆಗೂ ನಿನಗೆ ಇಷ್ಟು ಸಾಕು ಅಂತಾರೆ. ನೀವೂ ಅದನ್ನೇ ಹೇಳ್ತೀರಾ?”

ತಕ್ಷಣ ಉತ್ತರ ಕೊಡುವ ಪ್ರಶ್ನೆ ಇದಲ್ಲ. ಆಮೇಲೆ ಮಾತಾಡೋಣ ಮಾರಾಯ್ತಿ ಎಂದು ಫೋನಿಟ್ಟು ಹಲಗೆಯ ವಿಷಯ ಓದತೊಡಗಿದೆ. ಏನೂ ತಿಳಿಯದೆ ಬುದ್ಧಿ ಹೇಳುವುದು ಹಿರಿಯರ ಹಕ್ಕು ಎಂದು ನಾನು ನಂಬಿದವಳಲ್ಲ.

ಓದಿದಾಗ ತಿಳಿದದ್ದು ಇಷ್ಟು. ಹೊಸದಾಗಿ ಕಲಿಯುವವರಿಗೆ ಎಂಟು, ಒಂಬತ್ತು ಅಡಿ ಉದ್ದದ, ಅಗಲವೂ ದಪ್ಪವೂ ಆದ ಹಲಗೆ ಬೇಕು. ಅದರ ಮೇಲುಮೈ ಮೆತ್ತನೆಯ ಫೋಮ್ ಆಗಿದ್ದರೆ ಒಳ್ಳೆಯದು. ಬಿದ್ದಾಗ ಹಲಗೆ ತಿರುಗಿ ಬಂದು ತಲೆಗೆ ಬಡಿದರೂ ಪೆಟ್ಟು ಕಡಿಮೆ. ಗಾಜಿನ ನಾರಿನ ಗಟ್ಟಿ ಹಲಗೆಯ ಚೂಪು ಮೂತಿ, ಅಡಿಯಲ್ಲಿರುವ ರೆಕ್ಕೆ ಎರಡೂ ಗಾಯ ಮಾಡಬಲ್ಲವು. ಹಲಗೆ ತೇಲುವ ಶಕ್ತಿಯನ್ನು ಲೀಟರುಗಳಲ್ಲಿ ಅಳೆಯುತ್ತಾರೆ. ನಾವು ಎಣ್ಣೆ, ಹಾಲು ಅಳೆಯುವ ಅದೇ ಲೀಟರು. ಒಂದು ಸ್ಥೂಲವಾದ ಲೆಕ್ಕವೆಂದರೆ, ಕಲಿಯುವವರ ತೂಕ ಎಷ್ಟು ಕಿಲೋ ಇದೆಯೋ ಕಡಿಮೆಯೆಂದರೂ ಅಷ್ಟು ಲೀಟರಿನ ಹಲಗೆ ಬೇಕು, ಇನ್ನೂ ಹೆಚ್ಚಿದ್ದರೆ ಅನುಕೂಲ. ಪಳಗಿದವರಿಗೆ ತಮ್ಮ ತೂಕದ ಮೂರನೆಯ ಒಂದು ಭಾಗದಿಂದ ಸ್ವಲ್ಪ ಮೇಲಿದ್ದರೂ ನಡೆಯುತ್ತದೆ. ಐವತ್ತೈದು ಕಿಲೋ ಇರುವ ನಮ್ಮ ಹುಡುಗಿಗೆ ಐವತ್ತೈದು ಲೀಟರಿಗೆ ಮೇಲಿನದು ಬೇಕಾಗಿದ್ದರೆ, ಅವಳು ಆಸೆಪಟ್ಟದ್ದು ಅದರ ಅರ್ಧಕ್ಕಿಂತಲೂ ಕಡಿಮೆಯದು.

ದೊಡ್ಡ ಹಲಗೆ ಏಕೆ ಬೇಕೆಂದರೆ, ಅದು ನೀರಿನ ಮೇಲೆ ಚೆನ್ನಾಗಿ ತೇಲುತ್ತದೆ. ಕೈಯಿಂದ ನೀರು ಹಿಂದೆ ತಳ್ಳಿದರೆ ಬೇಗ ವೇಗ ಬರುತ್ತದೆ. ಅಲೆ ಇನ್ನೂ ಕಡಿದಾಗುವ ಮೊದಲೇ ಅದನ್ನು ಹಿಡಿಯಬಹುದು, ಎದ್ದು ನಿಲ್ಲಲು ಒಂದೆರಡು ಗಳಿಗೆ ಹೆಚ್ಚು ಸಿಗುತ್ತದೆ. ಚಿಕ್ಕ ಹಲಗೆ ಹಾಗಲ್ಲ. ಅದು ಅರ್ಧ ಮುಳುಗಿಯೇ ಇರುತ್ತದೆ. ಅಲೆ ಮುರಿಯುವ ಹೊತ್ತಿಗೆ ಸರಿಯಾಗಿ ಅಲ್ಲಿದ್ದು, ಕಣ್ಣು ಮಿಟುಕಿಸುವುದರೊಳಗೆ ಎದ್ದು ನಿಲ್ಲಬೇಕು. ಅದು ಬರದವರು ದಿನವಿಡೀ ಬೀಳುವುದೇ ಆಯಿತು. ಒಂದು ಅಲೆಯ ಮೇಲೆ ನಿಲ್ಲುವುದೆಂದರೆ ಕೆಲವೇ ಸೆಕೆಂಡುಗಳ ಮಾತು. ಹತ್ತು ಅಲೆ ಹಿಡಿದವಳಿಗೆ ಒಂದೆರಡು ನಿಮಿಷದ ಅಭ್ಯಾಸ ಸಿಕ್ಕರೆ, ಒಂದೂ ಹಿಡಿಯದವಳಿಗೆ ಸಿಕ್ಕುವುದು ಉಪ್ಪುನೀರು ಮಾತ್ರ.

ನನಗೆ ತಮಾಷೆಯೆನಿಸಿದ್ದು ಇದು ನಮ್ಮ ಮನೆಗಳ ಲೆಕ್ಕಕ್ಕೆ ತಲೆಕೆಳಗು ಎಂಬುದು. ಜೂನ್ ತಿಂಗಳಲ್ಲಿ ಮಕ್ಕಳಿಗೆ ಯೂನಿಫಾರಂ ಹೊಲಿಸುವಾಗ ಬೆಳೆಯುವ ಮಕ್ಕಳು ಎಂದು ಎರಡು ಬೆರಳು ದೊಡ್ಡದಾಗಿಯೇ ಹೊಲಿಸುತ್ತೇವೆ. ಚಪ್ಪಲಿಯನ್ನೂ ಹಾಗೆಯೇ. ಹುಡುಗಿ ಬೆಳೆದ ಹಾಗೆ ಲಂಗ ದೊಡ್ಡದಾಗುತ್ತದೆ. ಇಲ್ಲಿ ಹುಡುಗಿ ಬೆಳೆದ ಹಾಗೆ ಹಲಗೆ ಚಿಕ್ಕದಾಗುತ್ತ ಹೋಗುತ್ತದೆ. ಅದಕ್ಕೇ ಎಲ್ಲರಿಗೂ ಚಿಕ್ಕದರ ಮೇಲೆ ಕಣ್ಣು. ದೊಡ್ಡ ಹಲಗೆ ಹೊತ್ತು ಮರಳಿನ ಮೇಲೆ ನಡೆಯುವವಳನ್ನು ನೋಡಿದವರಿಗೆಲ್ಲ ಇವಳು ಹೊಸಬಳು ಎಂದು ಗೊತ್ತಾಗಿಬಿಡುತ್ತದೆ.

ಹಾಗಾದರೆ ಪ್ರಶ್ನೆ ಇಷ್ಟೇ. ಒಂದು ಸಾಧನವನ್ನು ಆರಿಸುವಾಗ ನಾನು ಇಂದು ಏನಾಗಿದ್ದೇನೋ ಅದಕ್ಕೆ ತಕ್ಕದ್ದನ್ನು ಆರಿಸಬೇಕೋ, ನಾಳೆ ಏನಾಗಬೇಕೆಂದಿದ್ದೇನೋ ಅದಕ್ಕೆ ತಕ್ಕದ್ದನ್ನೋ? ಇಂದಿನದಕ್ಕೆ ತಕ್ಕದ್ದೆಂದರೆ ಆಸೆಯನ್ನು ಹೊಸಕಿದ ಹಾಗಾಗಲಿಲ್ಲವೆ? ನಾಳೆಯದಕ್ಕೆ ತಕ್ಕದ್ದೆಂದರೆ ಇಲ್ಲದ್ದನ್ನು ಇದೆಯೆಂದು ತೋರಿಸಿಕೊಂಡ ಹಾಗಾಗಲಿಲ್ಲವೆ?

ನಾನು ಟೀಚರು. ಮಗ್ಗಿ ಬಾರದ ಮಗುವಿಗೆ ಬೀಜಗಣಿತ ಕಲಿಸಿ ಎನ್ನುವ ತಂದೆ ತಾಯಿಗಳನ್ನು ಬಹಳ ನೋಡಿದ್ದೇನೆ. ಮೂರನೆಯ ಕ್ಲಾಸಿನ ಓದು ಇನ್ನೂ ತೊಡರುವ ಹುಡುಗನ ಕೈಗೆ ಆರನೆಯದರ ಪುಸ್ತಕ ಕೊಟ್ಟರೆ ಅವನು ಮೂರನೆಯದನ್ನೂ ಮರೆಯುತ್ತಾನೆ. ಮರೆತದ್ದು ಹೆಚ್ಚಲ್ಲ, ತನಗೆ ಓದು ಹತ್ತುವುದೇ ಇಲ್ಲ ಎಂದು ನಂಬಿಬಿಡುತ್ತಾನೆ. ಆದ್ದರಿಂದ ಕಲಿಸುವ ಹುಡುಗ ಹೇಳಿದ್ದು ಸರಿಯೆಂದು ನನ್ನ ಅನುಭವವೂ ಹೇಳಿತು. ಕುಣಿಯಲಾರದವಳು ನೆಲ ಡೊಂಕು ಎಂದಳು ಎನ್ನುತ್ತೇವೆ. ಆದರೆ ನಿಜವಾಗಿ ಡೊಂಕು ನೆಲದ ಮೇಲೆ ಕುಣಿತ ಕಲಿಯಹೊರಟವಳು ನೆಲವನ್ನು ಬೈಯುವುದಿಲ್ಲ, ತನ್ನ ಕಾಲನ್ನೇ ಬೈದುಕೊಳ್ಳುತ್ತಾಳೆ. ಅದು ಇನ್ನೂ ದೊಡ್ಡ ನಷ್ಟ.

ಆದರೆ ಅವಳ ಮಾತಿನಲ್ಲಿದ್ದ ನೋವೂ ಸುಳ್ಳಲ್ಲ. ಯೋಗ್ಯತೆಗೆ ತಕ್ಕಷ್ಟು ಎಂಬ ಮಾತನ್ನು ಹೆಣ್ಣುಮಕ್ಕಳ ವಿಷಯದಲ್ಲಿ ಯೋಗ್ಯತೆ ನೋಡಿ ಹೇಳಿದ್ದು ಬಹಳ ಕಡಿಮೆ. ನನಗೆ ಎಂ.ಎ. ಓದುವ ಆಸೆಯಿತ್ತು. ಮನೆಯಲ್ಲಿ ಹಿರಿಯರು, ಹೆಣ್ಣುಮಗಳಿಗೆ ಬಿ.ಎ., ಬಿ.ಎಡ್. ಸಾಕು ಎಂದರು. ನನಗೆ ಬಂದ ಅಂಕ ಎಷ್ಟು, ಯಾವ ವಿಷಯದಲ್ಲಿ ಆಸಕ್ತಿ ಎಂದು ಹಾಗೆ ಹೇಳಿದವರಲ್ಲಿ ಒಬ್ಬರೂ ಕೇಳಿರಲಿಲ್ಲ. ನನ್ನ ವೃತ್ತಿಯನ್ನು ನಾನು ಪ್ರೀತಿಸುತ್ತೇನೆ, ಆ ಮಾತು ಬೇರೆ. ಆದರೆ ಆ ‘ಸಾಕು’ ನನ್ನನ್ನು ನೋಡಿ ಹೇಳಿದ್ದಲ್ಲ. ನಾನು ಹುಟ್ಟುವ ಮೊದಲೇ ಆ ಮಾತು ತಯಾರಾಗಿ ಕೂತಿತ್ತು.

ಸರ್ಫಿಂಗ್ ಹುಟ್ಟಿ ಬೆಳೆದ ಹವಾಯಿ ದ್ವೀಪಗಳ ಕಥೆ ಓದುವಾಗ ಇದೇ ವಿಚಾರ ಬೇರೊಂದು ರೂಪದಲ್ಲಿ ಸಿಕ್ಕಿತು. ಅಲ್ಲಿ ಹಿಂದೆ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಅಲೆಯ ಮೇಲೆ ಆಡುತ್ತಿದ್ದರು. ಆದರೆ ‘ಓಲೊ’ ಎಂಬ ಬಹಳ ಉದ್ದನೆಯ ಹಲಗೆ ನಾಯಕರ ಮನೆತನದವರಿಗೆ ಮೀಸಲು. ಸಾಮಾನ್ಯರಿಗೆ ‘ಅಲಾಯ’ ಎಂಬ ತೆಳುವಾದ, ಗಿಡ್ಡನೆಯ ಹಲಗೆ. ಓಲೊ ಮಾಡುತ್ತಿದ್ದದ್ದು ವಿಲಿವಿಲಿ ಎಂಬ ಹಗುರ ಮರದಿಂದ. ಅದು ನಮ್ಮ ಮಲೆನಾಡಿನ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿ ಹಬ್ಬಿಸುವ, ಕೆಂಪು ಹೂ ಬಿಡುವ ಹಾಲವಾಣದ ದಾಯಾದಿ! ನಾವು ಬೇಲಿಗೆ ನೆಡುವ ಮರದ ನೆಂಟ ಅಲ್ಲಿ ದೊರೆಗಳ ವಾಹನವಾಗಿತ್ತು. ಅದಿರಲಿ, ಅಲ್ಲಿ ಹಲಗೆಯ ಉದ್ದವನ್ನು ಗೊತ್ತುಮಾಡುತ್ತಿದ್ದದ್ದು ಹುಟ್ಟು. ಅಲೆಯ ಮೇಲೆ ಯಾರು ಹೇಗೆ ನಿಲ್ಲುತ್ತಾರೆ ಎಂಬುದಲ್ಲ. ಅಲೆಗೇನು ದೊರೆ, ಆಳು ಎಂಬ ಭೇದವಿದೆಯೆ? ಮನುಷ್ಯನಿಗೆ ಇತ್ತು.

ಅದೇ ಹವಾಯಿಯಿಂದ ಹೊರಟವನು ಡ್ಯೂಕ್ ಕಹನಮೋಕು. 1912ರ ಒಲಿಂಪಿಕ್ಸ್‌ನಲ್ಲಿ ಈಜಿನಲ್ಲಿ ಚಿನ್ನ ಗೆದ್ದವನು. 1914ರ ಕೊನೆಗೆ ಆಸ್ಟ್ರೇಲಿಯಾಕ್ಕೆ ಹೋದಾಗ ಅಲ್ಲಿ ತಕ್ಕ ಹಲಗೆಯಿಲ್ಲದೆ, ಪೈನ್ ಮರದ ದಿಮ್ಮಿಯಿಂದ ತಾನೇ ಒಂದನ್ನು ಕೆತ್ತಿಕೊಂಡು ಸಿಡ್ನಿಯ ಫ್ರೆಶ್‌ವಾಟರ್ ಕಡಲತೀರದಲ್ಲಿ ಅಲೆಸವಾರಿ ತೋರಿಸಿದ. 1915ರ ಆರಂಭದಲ್ಲಿ ಇಸಾಬೆಲ್ ಲೆಥಮ್ ಎಂಬ ಹದಿನೈದು ವರ್ಷದ ಹುಡುಗಿಯನ್ನು ತನ್ನ ಮುಂದೆ ನಿಲ್ಲಿಸಿಕೊಂಡು ಸವಾರಿ ಮಾಡಿದ. ಆ ಹುಡುಗಿ ಮುಂದೆ ಈಜು ಕಲಿಸುವ ಟೀಚರಾದಳು, 1995ರವರೆಗೆ ಬದುಕಿದ್ದಳು. ಆ ದಿನ ಅವಳು ನಿಂತದ್ದು ಇನ್ನೊಬ್ಬರಿಗಾಗಿ ಕೆತ್ತಿದ, ಬಹಳ ದೊಡ್ಡದಾದ ಹಲಗೆಯ ಮೇಲೆ. ದೊಡ್ಡ ಹಲಗೆ ಅವಳನ್ನು ಸಣ್ಣವಳನ್ನಾಗಿ ಮಾಡಲಿಲ್ಲ. ಅದಾಗಿ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಸೇರಿದಾಗ ಮಹಿಳೆಯರ ಚಿನ್ನ ಗೆದ್ದವಳು ಹವಾಯಿಯ ಕ್ಯಾರಿಸಾ ಮೂರ್.

ಇಷ್ಟು ಓದಿದ ಮೇಲೆ ನನಗೆ ನೆನಪಾದದ್ದು ನಮ್ಮ ದರ್ಜಿಗಳು. ರವಿಕೆ ಹೊಲಿಸಲು ಹೋದರೆ ಮೊದಲು ಕೇಳುವುದು, “ಅಳತೆ ಬ್ಲೌಸ್ ತಂದಿದ್ದೀರಾ ಅಮ್ಮ?” ಎಂದು. ನಾವೂ ಬೀರುವಿನ ಮೂಲೆಯಿಂದ ಯಾವ ಕಾಲದ್ದೋ ಒಂದನ್ನು ಒಯ್ದು ಕೊಡುತ್ತೇವೆ. ಹೊಸ ರವಿಕೆಯ ತೋಳು ಬಿಗಿಯಾದರೆ ದರ್ಜಿಯನ್ನು ಬೈಯುತ್ತೇವೆ. ಪಾಪ, ಅವನು ಹೊಲಿದದ್ದು ನಮ್ಮ ಇಂದಿನ ಮೈಗಲ್ಲ, ಎಂದೋ ತೆಗೆದ ಅಳತೆಗೆ. ಟೇಪು ಹಿಡಿದು ಹೊಸದಾಗಿ ಅಳೆಯುವ ದರ್ಜಿಯೂ ಇದ್ದಾನೆ. ಅವನೂ ಇಷ್ಟು ಬಟ್ಟೆ ಸಾಕು ಎನ್ನುತ್ತಾನೆ. ಇಬ್ಬರ ‘ಸಾಕು’ ಒಂದೇ ಅಲ್ಲ.

ಹಾಗೆಯೇ ನಮಗೆ ಇಷ್ಟು ಸಾಕು ಎನ್ನುವವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೂರು ಪ್ರಶ್ನೆ ಕೇಳಬೇಕು. ಒಂದು, ಇವರು ನನ್ನನ್ನು ನೋಡಿ ಅಳೆದರೋ, ನನ್ನ ಜಾತಿ, ಲಿಂಗ, ಮನೆತನ ನೋಡಿ ಅಳೆದರೋ? ಎರಡು, ಇಂದು ಅಳೆದರೋ, ಹಳೆಯ ರವಿಕೆಯನ್ನೇ ಮುಂದಿಟ್ಟರೋ? ಮೂರು, ಮತ್ತೆ ಅಳೆಯಲು ಒಪ್ಪುತ್ತಾರೋ ಇಲ್ಲವೋ? ಹೆಣ್ಣುಮಕ್ಕಳಿಗೆ ಕಾಮರ್ಸ್ ಸಾಕು ಎಂದವರು ಮೂರರಲ್ಲೂ ನಪಾಸು. ಸದ್ಯಕ್ಕೆ ದೊಡ್ಡದೇ ಇರಲಿ ಎಂದ ಆ ಹುಡುಗ ಅವಳು ನೀರಿನಲ್ಲಿ ಬಿದ್ದದ್ದನ್ನು, ಎದ್ದದ್ದನ್ನು ವಾರ ವಾರವೂ ಕಣ್ಣಾರೆ ಕಂಡವನು. ಅವನ ಮಾತಿನಲ್ಲಿ ‘ಸದ್ಯಕ್ಕೆ’ ಎಂಬ ಪದವಿತ್ತು. ಬೈಯಿಸಿಕೊಂಡು ಬೆಳೆದವರ ಕಿವಿಗೆ ಆ ಪದ ಕೇಳಿಸುವುದಿಲ್ಲ, ‘ಸಾಕು’ ಒಂದೇ ಕೇಳಿಸುತ್ತದೆ. ಅದು ಅವರ ತಪ್ಪೂ ಅಲ್ಲ.

ಇದಕ್ಕೆ ಎದುರು ವಾದವೂ ಇದೆ. ನಮ್ಮ ಕಾಲದಲ್ಲಿ ಯಾರು ಅಳತೆ ನೋಡಿ ಕೊಟ್ಟರು, ಸಿಕ್ಕಿದ್ದರಲ್ಲಿ ಕಲಿಯಲಿಲ್ಲವೆ ಎನ್ನುತ್ತಾರೆ. ನಿಜ. ನಮ್ಮ ಓರಗೆಯ ಹುಡುಗರು ಅಪ್ಪನ ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದೇ ಕಲಿತರು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ, ಪೆಡಲ್ ಕಾಲಿಗೆ ಎಟುಕದ ಪುಟ್ಟ ಹುಡುಗಿಯರೂ ಹೇಗೋ ತುಳಿದು ಶಾಲೆಗೆ ಬರುತ್ತಿದ್ದರು. ಅವರ ಛಲ ದೊಡ್ಡದು, ಒಪ್ಪುತ್ತೇನೆ. ಆದರೆ ಅದೇ ಸೈಕಲ್ಲಿನಿಂದ ಬಿದ್ದು, ಮತ್ತೆ ಹತ್ತದವರ ಲೆಕ್ಕವನ್ನು ಯಾರೂ ಇಡಲಿಲ್ಲ. ಕಲಿತವರಷ್ಟೇ ಕಥೆ ಹೇಳುತ್ತಾರೆ. ಬೇರೆ ದಾರಿಯಿಲ್ಲದಾಗ ಸಿಕ್ಕಿದ್ದರಲ್ಲಿ ಕಲಿಯುವುದು ಧೈರ್ಯ. ಆಯ್ಕೆ ಇರುವಾಗಲೂ ಹೊಂದದ್ದನ್ನೇ ಹಿಡಿಯುವುದನ್ನು ಧೈರ್ಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಕಡೆಯ ಅಪಾಯವನ್ನೂ ಹೇಳಬೇಕು. ದೊಡ್ಡ ಹಲಗೆ ಸುಖ. ಅದರ ಮೇಲೆ ನಿಂತು ಅಭ್ಯಾಸವಾದವರು ಅಲ್ಲೇ ನಿಂತುಬಿಡಬಹುದು. ಆದರೆ ಅದನ್ನು ಬೇಕೆಂದ ಕಡೆಗೆ ಚುರುಕಾಗಿ ತಿರುಗಿಸಲಾಗದು. ಎದುರಿಗೆ ಬರುವ ನೊರೆ ಅಲೆಯ ಅಡಿಗೆ ತೂರಿಸಿ ಆಚೆ ಹೋಗಲೂ ಆಗದು. ಕಲಿತ ಕೈ ಬೇರೇನನ್ನೋ ಕೇಳತೊಡಗಿದಾಗ ಹಲಗೆ ಒಲ್ಲೆನೆನ್ನುತ್ತದೆ. ಆಗ ಬದಲಾಯಿಸಬೇಕು. ಒಮ್ಮೆಗೇ ಒಂಬತ್ತಡಿಯಿಂದ ಆರಡಿಗೆ ಹಾರದೆ, ಏಳೂವರೆ, ಏಳು ಎಂದು ಮೆಟ್ಟಿಲಿಳಿದ ಹಾಗೆ. ಬದಲಾಯಿಸುವ ಹೊತ್ತು ಬಂತೆಂದು ತಿಳಿಯುವುದು ಹೇಗೆ? ದಡದಲ್ಲಿ ನಿಂತವರ ಕಣ್ಣು ನೋಡಿ ಅಲ್ಲ. ಹಲಗೆ ನನ್ನನ್ನು ತಡೆಯುತ್ತಿದೆಯೋ, ನಾನೇ ಹಲಗೆಗೆ ಇನ್ನೂ ಎಟುಕಿಲ್ಲವೋ ಎಂದು ತನ್ನನ್ನು ತಾನೇ ಕೇಳಿಕೊಂಡು. ಮನೆಯಲ್ಲಿ ಮಕ್ಕಳು ದೊಡ್ಡವರಾದ ಮೇಲೂ ಇನ್ನು ನನ್ನಿಂದ ಏನಾಗುತ್ತದೆ ಎಂದು ಕೂರುವ ಗೆಳತಿಯರನ್ನು ನೋಡಿದಾಗ, ಇವರು ದೊಡ್ಡ ಹಲಗೆಯ ಮೇಲೆ ನಿಂತು ನಿಂತು ಮರೆತವರು ಅನ್ನಿಸುತ್ತದೆ. ಮೊದಲು ಬೇರೆಯವರು ‘ಸಾಕು’ ಎಂದರು, ಕಡೆಗೆ ಇವರೇ ಎನ್ನತೊಡಗಿದರು.

ಅವಳಿಗೆ ನಾನು ಇದನ್ನೆಲ್ಲ ಉಪನ್ಯಾಸ ಮಾಡಲಿಲ್ಲ. ಹೇಳಿದ್ದು ಒಂದೇ ಮಾತು. “ನನ್ನ ಮಾತೂ ಬೇಡ, ಅಪ್ಪನ ಮಾತೂ ಬೇಡ. ಕೊಳ್ಳುವ ಮೊದಲು ಬಾಡಿಗೆಗೆ ತಗೊಂಡು ನೋಡು. ದೊಡ್ಡದು, ನಡುವಿನದು, ನೀನು ಆಸೆಪಟ್ಟದ್ದು, ಮೂರನ್ನೂ ಎರಡೆರಡು ಭಾನುವಾರ. ಎಷ್ಟು ಅಲೆಗೆ ಪ್ರಯತ್ನ ಮಾಡಿದೆ, ಎಷ್ಟರಲ್ಲಿ ನಿಂತೆ ಅಂತ ನೋಟ್‌ಬುಕ್ಕಿನಲ್ಲಿ ಬರಿ. ಆಮೇಲೆ ನೀನೇ ತೀರ್ಮಾನ ಮಾಡು. ನೀನು ಚಿಕ್ಕದನ್ನೇ ತಗೊಂಡ್ರೂ ನನ್ನ ಪಾಲಿನ ದುಡ್ಡು ಕೊಡ್ತೀನಿ.”

ಆರು ಭಾನುವಾರ ಕಳೆದ ಮೇಲೆ ನೋಟ್‌ಬುಕ್ಕಿನ ಹಾಳೆಯ ಫೋಟೋ ಕಳಿಸಿದಳು. ಚಿಕ್ಕ ಹಲಗೆಯ ಎದುರು, ಇಪ್ಪತ್ತು ಪ್ರಯತ್ನಕ್ಕೆ ಒಂದು. ದೊಡ್ಡದರ ಎದುರು, ಇಪ್ಪತ್ತಕ್ಕೆ ಹದಿನಾರು. ಏಳೂವರೆ ಅಡಿಯದರ ಎದುರು, ಇಪ್ಪತ್ತಕ್ಕೆ ಒಂಬತ್ತು. ಅದರ ಕೆಳಗೆ, ‘ತಿರುಗಿಸಲು ಬರುತ್ತಿದೆ’ ಎಂದು ಬರೆದು ಎರಡು ಗೆರೆ ಎಳೆದಿದ್ದಳು. ಕೊಂಡದ್ದು ಏಳೂವರೆ ಅಡಿಯದು, ಅದೂ ಸೆಕೆಂಡ್‌ಹ್ಯಾಂಡ್. ನಾವು ಮಡಕೆ ಕೊಳ್ಳುವಾಗ ಬಡಿದು ನೋಡುವ ಹಾಗೆ, ಬಿರುಕು ಬಿಟ್ಟಿದೆಯೋ, ಒಳಗೆ ನೀರು ಇಳಿದು ಎಲ್ಲಾದರೂ ಮೆತ್ತಗಾಗಿದೆಯೋ ಎಂದು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿ ಕೊಂಡಳಂತೆ. ಕಲಿಸುವವನು ಹೇಳಿದ್ದಕ್ಕಿಂತ ಚಿಕ್ಕದು, ಅವಳು ಮೊದಲು ಬಯಸಿದ್ದಕ್ಕಿಂತ ದೊಡ್ಡದು. “ಇದು ಯಾರೂ ಕೊಟ್ಟ ಅಳತೆ ಅಲ್ಲ ಅತ್ತೆ” ಎಂದಳು. ಅಮ್ಮನಿಗೆ ಮಾತ್ರ ಬಿಸಿಲಿನ ಚಿಂತೆ ಇನ್ನೂ ಹೋಗಿಲ್ಲ.

ನಿಮ್ಮಲ್ಲಿ ಹೆಚ್ಚಿನವರು ಈ ಜನ್ಮದಲ್ಲಿ ಸರ್ಫಿಂಗ್ ಹಲಗೆ ಮುಟ್ಟಲಿಕ್ಕಿಲ್ಲ, ನಾನೂ ಮುಟ್ಟುವುದಿಲ್ಲ. ಆದರೆ ಐವತ್ತರಲ್ಲಿ ಸ್ಕೂಟರ್ ಕಲಿಯಹೊರಟವರು, ಸಂಗೀತದ ಸರಳೆವರಸೆಗೆ ಮಕ್ಕಳ ಜೊತೆ ಕೂತವರು, ಬ್ಯಾಂಕಿನ ಲೆಕ್ಕವನ್ನು ತಾವೇ ನೋಡಿಕೊಳ್ಳಹೊರಟವರು ನಮ್ಮ ಬೀದಿಗಳಲ್ಲೇ ಇದ್ದಾರೆ. ಅವರಿಗೆ ನಾಚಿಕೆಯಾಗುವುದು ದೊಡ್ಡ ಹಲಗೆ ಹೊತ್ತು ನಡೆಯುವಾಗ, ಅಂದರೆ ತಾವು ಹೊಸಬರೆಂದು ನಾಲ್ಕು ಜನಕ್ಕೆ ಗೊತ್ತಾಗುವಾಗ. ಆ ನಾಚಿಕೆಯನ್ನು ಸ್ವಲ್ಪ ದಿನ ಹೊರಬೇಕು. ಯಾರಾದರೂ ‘ನಿನಗೆ ಇಷ್ಟು ಸಾಕು’ ಎಂದರೆ ಜಗಳಕ್ಕೂ ಹೋಗಬೇಡಿ, ತಲೆಯನ್ನೂ ತಗ್ಗಿಸಬೇಡಿ. ಯಾವತ್ತು ಅಳೆದಿರಿ, ಮತ್ತೆ ಯಾವಾಗ ಅಳೆಯುತ್ತೀರಿ ಎಂದು ಕೇಳಿ. ಉತ್ತರ ಇರುವವರು ನಿಮ್ಮ ಹಿತೈಷಿಗಳು. ಅವರ ಮಾತನ್ನು ಈವತ್ತಿನ ಮಟ್ಟಿಗೆ ಕೇಳಬಹುದು.